ಮೈಯ ರೋಮವೂ ಒಳಗಿನ ಗ್ರಂಥಿಯೂ

ಹಾವೇರಿಯ ಸೀಮೆಯಲ್ಲಿ ದೀಪಾವಳಿಯ ತರುವಾಯ ನಡೆಯುವ ಹೋರಿ ಬೆದರಿಸುವ ಆಟವನ್ನು ಕಂಡ ವಾಚಕರಿಗೆ ಈ ಸಂಗತಿ ಹೊಸದಲ್ಲ. ಬೂದು ಬಿಳುಪಿನ ಹೋರಿಯ ಕೊರಳು ಹಿಣಿಲುಗಳ ಮೇಲೆ ಮಸಿ ತೀಡಿದಂಥ ಕಪ್ಪು ಛಾಯೆಯಿರುವದು. ಅದೇ ತಳಿಯ, ಬೀಜ ಒಡೆಸಿದ ಎತ್ತಿನ ಮೈ ಬಹುಮಟ್ಟಿಗೆ ಬೆಳ್ಳಗಿರುವದು. ಮೇವೂ ಒಂದೇ, ಕೊಟ್ಟಿಗೆಯೂ ಒಂದೇ. ಭೇದವೆಲ್ಲ ವೃಷಣದಿಂದ ರಕ್ತಕ್ಕೆ ಸೇರುವ ರಸದ್ದು. ಇಂಥ ರಸಗಳಿಗೆ ಹಾರ್ಮೋನುಗಳೆಂದು ಹೆಸರು. 1974ರಲ್ಲಿ ಸ್ಥಾಪಿತವಾದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ, ಹುಟ್ಟುವಾಗ ತಾಯಿಯಂತೆಯೇ ಕಂದಾಗಿರುವ ಗಂಡು ಕೃಷ್ಣಮೃಗವು ಪ್ರಾಯಕ್ಕೆ ಬಂದಂತೆ ಕಪ್ಪಾಗುವದಕ್ಕೂ ಇಂಥ ರಸವೇ ಕಾರಣವು.

ಬ್ಯಾಡಗಿಯ ಮೆಣಸಿನಕಾಯಿಯ ಕೆಂಪು ಕಂಡು ಖಾರವನ್ನು ಊಹಿಸಿದವರು ಮೋಸಹೋಗುವರು; ಪ್ರಾಣಿಯ ಮೈ ಅಷ್ಟು ಸುಳ್ಳಾಡದು. ಆದರೆ ಆ ಊರಿನ ನಮ್ಮ ಬಂಧುಗಳೊಬ್ಬರ ಮನೆಯ ನಾಯಿಯ ವಿಷಯದಲ್ಲಿ ನಾವೆಲ್ಲರೂ ಎಡವಿದೆವು. ಅದರ ಎರಡೂ ಪಕ್ಕೆಗಳ ಕೂದಲು ಸಮನಾಗಿ ಉದುರಿ, ಬಾಲವು ಇಲಿಯ ಬಾಲದಂತಾಯಿತು. ಕಜ್ಜಿಯೆಂದು ಬಗೆದು ಬೇವಿನೆಣ್ಣೆ ಹಚ್ಚಿಸಿದೆವು, ಬಳಿಕ ಗಂಧಕದ ಮುಲಾಮು; ಹೀಗೆ ಐದು ತಿಂಗಳು ಕಳೆದವು. ನಾಯಿ ದಪ್ಪವಾಗುತ್ತ, ಬಾಗಿಲ ಬಳಿ ಮಲಗಿಯೇ ಇರತೊಡಗಿತು. ಕಡೆಗೆ ಪಶುವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಕೆರೆದುಕೊಳ್ಳುತ್ತದೆಯೆ?" ಇಲ್ಲ! ನಮಗಾರಿಗೂ ಅದು ಹೊಳೆದಿರಲಿಲ್ಲ. ರಕ್ತವನ್ನು ಪರೀಕ್ಷಿಸಲು, ಕೊರಳಿನ ಥೈರಾಯ್ಡ್ ಗ್ರಂಥಿಯ ರಸ ಕಡಿಮೆಯಾಗಿದ್ದುದು ತಿಳಿದುಬಂತು.

ಪಾಶ್ಚಾತ್ಯರು ಮುಂಗುಸಿಯಷ್ಟು ಗಾತ್ರದ ಫೆರೆಟ್ ಎಂಬ ಪ್ರಾಣಿಯನ್ನು ಮನೆಯಲ್ಲಿ ಸಾಕುವರು. ಅಮೇರಿಕೆಯಲ್ಲಿ ಅದಕ್ಕೆ ಎಳೆತನದಲ್ಲಿಯೇ ಸಂತಾನಹರಣ ಮಾಡಿಸುವದು ವಾಡಿಕೆ. ಆಗ ಮೆದುಳಿನ ಬುಡದ ಗ್ರಂಥಿಗೆ ತಡೆಯಿಲ್ಲದಂತಾಗಿ, ಅದರ ಪ್ರೇರಣೆಯಿಂದ ಮೂತ್ರಪಿಂಡದ ಬಳಿಯ ಅಡ್ರಿನಲ್ ಗ್ರಂಥಿಯು ಕೆಲವು ವರ್ಷಗಳಲ್ಲಿ ಊದಿಕೊಂಡು ಲೈಂಗಿಕ ರಸಗಳನ್ನು ಅತಿಯಾಗಿ ಸುರಿಸುವದುಂಟು. ಕೂದಲು ಬಾಲದಿಂದ ಮೊದಲ್ಗೊಂಡು ಬೆನ್ನಿನವರೆಗೆ ಉದುರುವದು. ಡೆಸ್ಲೊರೆಲಿನ್ ಎಂಬ ಔಷಧದ ಸಣ್ಣ ಕಡ್ಡಿಯನ್ನು ಚರ್ಮದಡಿಯಲ್ಲಿಟ್ಟರೆ ರೋಮವು ಬಹುಶಃ ಮರಳುವದು. ಆದರೆ ಒಳಗಿನ ಗಡ್ಡೆ ಕರಗಿತೆಂದು ಇದರ ಅರ್ಥವಲ್ಲ. ಅದು ಬೆಳೆಯುತ್ತಲೂ ಇರಬಹುದು.

ನಮ್ಮ ಬಂಧುಗಳ ನಾಯಿಗೆ ಥೈರಾಕ್ಸಿನ್ ಗುಳಿಗೆ ಗೊತ್ತಾಯಿತು. ಅದೇ ಮನೆಯ ಅಜ್ಜಿಯವರೂ ಆ ಹೆಸರಿನ ಗುಳಿಗೆ ನುಂಗುವವರೇ! ಅವರದನ್ನೇ ಕೊಟ್ಟರಾಗದೆ ಎಂದುದಕ್ಕೆ ವೈದ್ಯರು ಬಲವಾಗಿ ಬೇಡವೆಂದರು; ನಾಯಿಯ ಪ್ರಮಾಣವೇ ಬೇರೆ. ನಾಲ್ಕನೆಯ ತಿಂಗಳಿಗೆ ಬಾಲದ ಮೇಲೆ ರೋಮ ಮೂಡಿತು. ಗುಳಿಗೆ ಮಾತ್ರ ನಿಂತಿಲ್ಲ, ಅದು ಬದುಕಿರುವವರೆಗೂ ನಿಲ್ಲಿಸುವಂತಿಲ್ಲ.