ತೋಟದ ಪಿಕಪ್ಪಿಗೆ ಶಾಕ್ ಅಬ್ಸಾರ್ಬರ್: ಆರಿಸುವ ಮುನ್ನ ಅಳೆಯಿರಿ

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಸಮೀಪಿಸುತ್ತಿದ್ದಂತೆ ನಮ್ಮ ಸದಸ್ಯರಲ್ಲಿ ಅನೇಕರು ಪಿಕಪ್ಪು, ಜೀಪುಗಳನ್ನು ರಿಪೇರಿಗೆ ಬಿಡುತ್ತಾರೆ. ಜೋಯಿಡಾ ಕಡೆಯ ತೋಟದ ದಾರಿಗಳಾಗಲಿ, ಹಳಿಯಾಳ, ಮುಂಡಗೋಡ ಕಡೆಯ ಗಾಡಿ ದಾರಿಗಳಾಗಲಿ, ನಾಲ್ಕು ತಿಂಗಳ ಮಳೆಯಲ್ಲಿ ಹೊಂಡ ಬಿದ್ದಿರುತ್ತವೆ. ಅದರ ಪೆಟ್ಟು ಮೊದಲು ತಾಗುವ ಭಾಗಗಳಲ್ಲಿ ಶಾಕ್ ಅಬ್ಸಾರ್ಬರ್ ಒಂದು. ಅಂಗಡಿಗೆ ಹೋಗಿ ವಾಹನದ ಹೆಸರು ಹೇಳಿ, ಕೊಟ್ಟದ್ದನ್ನು ತಂದು ಕೂರಿಸುವುದು ರೂಢಿ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇರುವ ವಾಹನಕ್ಕೆ ಇದು ಸರಿಯೇ. ಆದರೆ ಹೆಚ್ಚು ಹೇರು ಹಾಕಲೆಂದು ಕಮಾನಿಗೆ ಪಟ್ಟಿ ಸೇರಿಸಿದ ಪಿಕಪ್ಪುಗಳುಂಟು. ನೋಟಕ್ಕೂ ವೇಗಕ್ಕೂ ಚೆನ್ನೆಂದು ತರುಣರು ತಗ್ಗಿಸಿದ ಪಿಕಪ್ಪುಗಳೂ ಉಂಟು. ಇಂಥವಕ್ಕೆ ಹೆಸರು ಹೇಳಿ ತಂದ ಶಾಕ್ ಹೊಂದದೆ ಹೋಗಬಹುದು. ಅಂಥ ವಾಹನಕ್ಕೆ ಶಾಕ್ ಆರಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಶಾಕ್ ಮಾಡುವ ಕೆಲಸ

ಶಾಕ್ ಅಬ್ಸಾರ್ಬರ್ ಹೇರನ್ನು ಹೊರುತ್ತದೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಹೇರು ಹೊರುವುದು ಕಮಾನು ಪಟ್ಟಿ. ಹೊಂಡದಲ್ಲಿ ಅದುಮಿದ ಪಟ್ಟಿ ಮೇಲೆದ್ದು ಮತ್ತೆ ಮತ್ತೆ ಕುಣಿಯುತ್ತದೆ. ಆ ಕುಣಿತವನ್ನು ನಿಲ್ಲಿಸುವುದಷ್ಟೇ ಶಾಕಿನ ಕೆಲಸ. ಅದರೊಳಗೆ ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್ ಇದೆ. ಅದು ಚಲಿಸುವಾಗ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ ಹೋಗಬೇಕಾಗುತ್ತದೆ, ಕುಣಿತದ ಶಕ್ತಿ ಶಾಖವಾಗಿ ಹೊರಬೀಳುತ್ತದೆ.

ಆದುದರಿಂದ ಹೇರು ಹಾಕಿದಾಗ ವಾಹನ ಹಿಂದಕ್ಕೆ ಕೂತರೆ ಶಾಕ್ ಬದಲಿಸಿ ಪ್ರಯೋಜನವಿಲ್ಲ, ಪಟ್ಟಿ ನೋಡಿಸಬೇಕು. ಹೊಂಡ ದಾಟಿದ ಮೇಲೂ ಗಾಡಿ ತೂಗುತ್ತಿದ್ದರೆ, ಬ್ರೇಕ್ ಹಾಕಿದಾಗ ಮೂತಿ ನೆಲಕ್ಕೆ ಬಾಗಿದರೆ, ಟೈರು ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದರೆ, ಶಾಕಿನ ಮೈಮೇಲೆ ಎಣ್ಣೆ ಇಳಿದಿದ್ದರೆ ಶಾಕ್ ಸೋತಿದೆ ಎಂದು ತಿಳಿಯಬೇಕು. ಕೆಟ್ಟ ದಾರಿಯಲ್ಲಿ ಕೆಲವು ಮೈಲಿ ಓಡಿಸಿ ನಿಲ್ಲಿಸಿದೊಡನೆ ನಾಲ್ಕೂ ಶಾಕುಗಳನ್ನು ಜಾಗ್ರತೆಯಿಂದ ಮುಟ್ಟಿ ನೋಡಿರಿ. ಉಳಿದವು ಬೆಚ್ಚಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡಿಲ್ಲ.

ಅಳತೆ ಮುಖ್ಯ

ಪ್ರತಿ ಶಾಕಿಗೂ ಎರಡು ಅಳತೆಗಳಿವೆ: ಪೂರ್ತಿ ಮುಚ್ಚಿದಾಗಿನ ಉದ್ದ ಮತ್ತು ಪೂರ್ತಿ ಎಳೆದಾಗಿನ ಉದ್ದ. ವಾಹನದಲ್ಲಿಯೂ ಇವಕ್ಕೆ ಸರಿಯಾದ ಎರಡು ಅಳತೆ ತೆಗೆಯಬೇಕು. ಚಾಸಿಸ್ಸನ್ನು ಜಾಕಿಯಿಂದ ಎತ್ತಿ, ಭದ್ರವಾದ ಆಧಾರ ಕೊಟ್ಟು, ಆಕ್ಸಲ್ ಜೋತು ಬಿಟ್ಟಾಗ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ ಅಳೆಯುವುದು ಒಂದು. ಆಕ್ಸಲ್ ಬಂಪ್ ರಬ್ಬರಿಗೆ ತಾಗಿ, ರಬ್ಬರ್ ಅದುಮಿದಾಗ ಉಳಿಯುವ ಅಂತರ ಇನ್ನೊಂದು. ಹೊಸ ಶಾಕಿನ ಮುಚ್ಚಿದ ಉದ್ದ ಈ ಎರಡನೆಯದಕ್ಕಿಂತ ಎರಡು ಸೆಂಟಿಮೀಟರಾದರೂ ಕಡಿಮೆ ಇರಬೇಕು. ಎಳೆದ ಉದ್ದ ಮೊದಲನೆಯದಕ್ಕಿಂತ ಅಷ್ಟೇ ಹೆಚ್ಚಿರಬೇಕು.

ಒಂದು ಉದಾಹರಣೆ ನೋಡೋಣ. ಮೂಲ ಸ್ಥಿತಿಯ ಪಿಕಪ್ಪಿನಲ್ಲಿ ನಿಂತಾಗ ಅಂತರ 42 ಸೆಂ.ಮೀ., ರಬ್ಬರ್ ಅದುಮಿದಾಗ 32, ಜೋತಾಗ 52 ಎಂದಿಟ್ಟುಕೊಳ್ಳಿ. ಶಾಕ್ 30ಕ್ಕೆ ಮುಚ್ಚಿ 54ಕ್ಕೆ ತೆರೆಯುತ್ತದೆ, ಎಲ್ಲವೂ ಸರಿ. ಈಗ ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಬ್ಲಾಕ್ ಇಟ್ಟು ಗಾಡಿಯನ್ನು 5 ಸೆಂ.ಮೀ. ತಗ್ಗಿಸಿದರೆ, ನಿಂತಾಗಲೇ ಅಂತರ 37 ಆಗುತ್ತದೆ. ಕೆಳಗೆ 10 ಸೆಂ.ಮೀ. ಇದ್ದ ಅವಕಾಶ 5ಕ್ಕೆ ಇಳಿಯಿತು. ಪದೇ ಪದೇ ರಬ್ಬರಿಗೆ ಬಡಿಯುತ್ತದೆಂದು ರಬ್ಬರನ್ನೇ 3 ಸೆಂ.ಮೀ. ಕತ್ತರಿಸಿದರೆ ಆಕ್ಸಲ್ 29ರವರೆಗೆ ಏರುತ್ತದೆ. ಶಾಕ್ 30ಕ್ಕೇ ಮುಚ್ಚಿಬಿಟ್ಟಿರುತ್ತದೆ! ಆಗ ಪೆಟ್ಟು ತಡೆಯುವುದು ರಬ್ಬರಲ್ಲ, ಶಾಕ್. ರಾಡು ಬಾಗುತ್ತದೆ, ಒಳಗಿನ ವಾಲ್ವ್ ಒಡೆಯುತ್ತದೆ, ಇಲ್ಲವೆ ಚಾಸಿಸ್ಸಿನ ಬ್ರಾಕೆಟ್ ಬಿರುಕು ಬಿಡುತ್ತದೆ. ಈ ಗಾಡಿಗೆ 27ಕ್ಕೆ ಮುಚ್ಚುವ ಗಿಡ್ಡ ಶಾಕೇ ಆಗಬೇಕು.

ಪಟ್ಟಿ ಸೇರಿಸಿ ಎತ್ತರಿಸಿದ ಗಾಡಿಯಲ್ಲಿ ಇದಕ್ಕೆ ತಿರುಗುಮುರುಗು. ಜೋತಾಗಿನ ಅಂತರ 56 ಆದರೆ 54ಕ್ಕೆ ತೆರೆಯುವ ಶಾಕ್ ಹಗ್ಗದಂತೆ ಎಳೆಯಲ್ಪಟ್ಟು ಕಣ್ಣು ಕಿತ್ತುಬರುತ್ತದೆ.

ಗಟ್ಟಿಯಾದುದೆಲ್ಲ ಒಳ್ಳೆಯದಲ್ಲ

ಪಟ್ಟಿ ಬಿಗಿಯಾದಷ್ಟೂ ಅದು ಮೇಲೆದ್ದು ಬರುವ ಬಲ ಹೆಚ್ಚು, ಅದನ್ನು ಹಿಡಿಯಲು ಮೇಲೇಳುವ ಕಡೆಗೆ ತುಸು ಬಿಗಿಯಾದ ಶಾಕ್ ಬೇಕು. ಆದರೆ ಮಿತಿಮೀರಿ ಬಿಗಿಯಾದ ಶಾಕ್ ಹಾಕಿದರೆ ಖಾಲಿ ಗಾಡಿಯ ಹಿಂದಿನ ಚಕ್ರ ಹೊಂಡಕ್ಕೆ ಇಳಿಯಲು ಆಗದೆ ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಇಲ್ಲ. ಸಾಮಾನು ಇಳಿಸಿ ಖಾಲಿ ಬರುವ ಪಿಕಪ್ಪುಗಳು ಅಣಶಿ ಘಟ್ಟ, ಅರಬೈಲ್ ಘಟ್ಟಗಳ ತಿರುವುಗಳಲ್ಲಿ ಜಾರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಜೋಡಿ ಕೊಳವೆಯ ಎಣ್ಣೆ ಶಾಕ್ ಅಗ್ಗ. ಕಲ್ಲು ಬಡಿದು ಹೊರಗೆ ತಗ್ಗು ಬಿದ್ದರೂ ಬಹುಮಟ್ಟಿಗೆ ನಡೆಯುತ್ತದೆ. ಆದರೆ ಬಹುಕಾಲ ಕುಣಿದರೆ ಎಣ್ಣೆ ಕಾದು ನೊರೆಗಟ್ಟಿ ಬಲ ಕುಂದುತ್ತದೆ. ಒಂಟಿ ಕೊಳವೆಯ ಗ್ಯಾಸ್ ಶಾಕಿನಲ್ಲಿ ಒತ್ತಡದ ಗ್ಯಾಸ್ ನೊರೆಯನ್ನು ತಡೆಯುತ್ತದೆ, ಶಾಖವೂ ಬೇಗ ಹೊರಹೋಗುತ್ತದೆ. ಬೆಲೆ ಹೆಚ್ಚು, ಕೊಳವೆ ಸ್ವಲ್ಪ ತಗ್ಗಿದರೂ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಕಲ್ಲು ಸಿಡಿಯುವ ತೋಟದ ದಾರಿಗೆ ಮೊದಲಿನದು, ಟಾರು ರಸ್ತೆಯಲ್ಲಿ ದೂರದ ಓಟಕ್ಕೆ ಎರಡನೆಯದು ಹೊಂದುತ್ತದೆಂಬುದು ನಮ್ಮ ಅಭಿಪ್ರಾಯ.

ಕೂರಿಸುವಾಗ

ಒಂದೇ ಆಕ್ಸಲ್ಲಿನ ಎರಡೂ ಶಾಕುಗಳನ್ನು ಜೊತೆಯಾಗಿ ಬದಲಿಸಬೇಕು. ಜೋಡಿ ಕೊಳವೆಯ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿ, ಒಳಗಿನ ಗಾಳಿ ಹೊರಡಿಸಿ ಕೂರಿಸಬೇಕು. ರಬ್ಬರ್ ಬುಷ್ ಹೊಸದಿರಲಿ. ಬೋಲ್ಟಿನ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತ ನಂತರವೇ ಆಗಬೇಕು, ಜೋತಾಗ ಬಿಗಿದರೆ ಬುಷ್ ತಿರುಚಿ ಬೇಗ ಹರಿಯುತ್ತದೆ.

ಕಾನೂನಿನ ಮಾತು

ಸವೆದ ಶಾಕಿಗೆ ಅದೇ ಮಾದರಿಯ ಹೊಸದನ್ನು ಹಾಕುವುದು ಮಾರ್ಪಾಟಲ್ಲ. ಗಾಡಿಯ ಮೂಲ ರಚನೆಯನ್ನೇ ಬದಲಿಸುವುದು ಬೇರೆ. ನೋಂದಣಿ ಪುಸ್ತಕದ ವಿವರಗಳು ತಯಾರಕರು ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಕಾನೂನು ಒಪ್ಪದ ಪ್ರತಿ ಮಾರ್ಪಾಟಿಗೂ ಮಾಲಿಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ಗೊತ್ತುಮಾಡಿತು. ಅಪಘಾತವಾದಾಗ ವಿಮೆಯವರು ಮೊದಲು ನೋಡುವ ವಿಷಯಗಳಲ್ಲಿ ಇದೂ ಒಂದು.

ವರ್ಷದ ಬೆಳೆ ಯಲ್ಲಾಪುರ, ಶಿರಸಿ ಮಾರುಕಟ್ಟೆ ಮುಟ್ಟುವುದು ಇದೇ ಗಾಡಿಗಳಲ್ಲಿ. ನಮ್ಮ ಮಕ್ಕಳು ಕೂರುವುದೂ ಇವುಗಳಲ್ಲಿಯೇ. ತಗ್ಗಿಸಿದ ಗಾಡಿ ತೋಟದ ದಾರಿಗೆ ಹೇಳಿದ್ದಲ್ಲ, ಅದನ್ನು ಮೂಲ ಎತ್ತರಕ್ಕೆ ತರುವುದೇ ಮೇಲು. ಅಲ್ಲಿಯವರೆಗೆ ಓಡಿಸಲೇಬೇಕಾದವರು ಟೇಪು ಹಿಡಿದು ಆ ಎರಡು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.