ಹೆಸರು ಒಂದೇ, ಹರಿಶ್ಚಂದ್ರರು ಇಬ್ಬರು

ನಮ್ಮ ಮಡಕಶಿರಾ ಸೀಮೆಯಲ್ಲಿ ಹೊಲದ ಮಾತು ಕನ್ನಡವಾದರೆ ಕಚೇರಿ ಕಾಗದ ತೆಲುಗು. ಸಿನಿಮಾ ಮಾತ್ರ ಎರಡೂ ನಮ್ಮವೇ. ರಾಜ್‌ಕುಮಾರ್ ಚಿತ್ರಕ್ಕೂ ಎನ್.ಟಿ.ಆರ್. ಚಿತ್ರಕ್ಕೂ ಒಂದೇ ಗಾಡಿ ಕಟ್ಟಿಕೊಂಡು ಹೋದವರು ನಮ್ಮ ಹಿರಿಯರು. ಅಂಥ ಹಳೇ ಚಿತ್ರಗಳ ವಿ.ಸಿ.ಡಿ., ಡಿ.ವಿ.ಡಿ.ಗಳನ್ನು ಸಂತೆಗೆ ಹೋದಾಗಲೆಲ್ಲ ಕೊಂಡು ನಾನೊಂದು ಟ್ರಂಕು ತುಂಬಿಸಿದ್ದೆ.

2024ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಹಳೇ ಕಂಪ್ಯೂಟರೊಂದಕ್ಕೆ ಎರಡು ಟೆರಾಬೈಟ್ ಹಾರ್ಡ್ ಡಿಸ್ಕ್ ಹಾಕಿ, ಜೆಲ್ಲಿಫಿನ್ ಎಂಬ ಪುಕ್ಕಟೆ ತಂತ್ರಾಂಶ ಕೂಡಿಸಿ, ಟ್ರಂಕಿನ ಚಿತ್ರಗಳನ್ನೆಲ್ಲ ಅದಕ್ಕೆ ಇಳಿಸಿದ. ಇದಕ್ಕೆ ಮೀಡಿಯಾ ಸರ್ವರ್ ಅಂತಾರೆ. ಮನೆಯ ವೈಫೈ ಹಿಡಿದು ಟಿ.ವಿ.ಯಲ್ಲೂ ಫೋನಿನಲ್ಲೂ ಬೇಕಾದ ಚಿತ್ರ ನೋಡಬಹುದು.

ಪಟ್ಟಿ ತೆಗೆದರೆ ‘ಸತ್ಯ ಹರಿಶ್ಚಂದ್ರ’ ಮೂರು ಸಲ ಇತ್ತು. ಮೂರರ ಮುಂದೆಯೂ 1965 ಅಂತಲೇ ಇತ್ತು.

“ಅಪ್ಪಾ, ಡೂಪ್ಲಿಕೇಟುಗಳು ಸುಮ್ನೆ ಜಾಗ ತಿಂತಾವೆ. ಬಣ್ಣದ್ದು ಒಂದಿಟ್ಟು ಮಿಕ್ಕಿದ್ದು ಅಳಿಸ್ಲಾ?” ಅಂದ ಮಗ. ನಾನು ದನಕ್ಕೆ ಮೇವು ಹಾಕೋ ಗಡಿಬಿಡಿಯಲ್ಲಿ “ಹೂಂ” ಅಂದುಬಿಟ್ಟೆ.

ಅಲ್ಲೇ ತಪ್ಪಿದ್ದು. ನಮ್ಮಮ್ಮ ಪೆನುಕೊಂಡ ಕಡೆಯ ಹೆಣ್ಣು, ಎಂಬತ್ತರ ವಯಸ್ಸು. ಸಂಜೆ ಟಿ.ವಿ. ಮುಂದೆ ಕೂತು “ರಾಮಾರಾವು ಹರಿಶ್ಚಂದ್ರ ಪೆಟ್ಟರಾ” ಅಂದಳು. ಹಾಕಿದರೆ ರಾಜ್‌ಕುಮಾರ್ ಬಂದರು. ಸ್ವಲ್ಪ ಹೊತ್ತು ನೋಡಿ, “ಬಾಗುಂದಿ, ಕಾನಿ ಈಯನ ಕಾದುರಾ” ಅಂದಳು. ಟ್ರಂಕು ತಡಕಿ ತೆಲುಗಿನ ಮೂರು ತಟ್ಟೆ ತೆಗೆದೆವು. ಮೊದಲ ಸಲ ಹೇಗೋ ಓದಿಕೊಂಡಿದ್ದ ಕೊನೇ ತಟ್ಟೆ ಈ ಸಲ ಓದಲೇ ಇಲ್ಲ. ಎರಡು ತಟ್ಟೆ ನೋಡಿದ ಅಮ್ಮ ಸ್ಮಶಾನದ ಕಥೆಯನ್ನು ಮೊಮ್ಮಗನಿಗೆ ಬಾಯಲ್ಲೇ ಹೇಳಿ ಮುಗಿಸಿದಳು. ಅವನು ತಲೆ ತಗ್ಗಿಸಿ ಕೇಳಿದ.

ಹೆಸರು, ವರ್ಷ ಒಂದೇ ಆದರೂ ಅವು ಬೇರೆ ಬೇರೆ ಚಿತ್ರ. ಕನ್ನಡದ್ದನ್ನು ನಿರ್ದೇಶಿಸಿದವರು ಹುಣಸೂರು ಕೃಷ್ಣಮೂರ್ತಿ, ನಿರ್ಮಿಸಿದವರು ಕೆ.ವಿ. ರೆಡ್ಡಿ. ಎನ್.ಟಿ.ಆರ್. ನಟಿಸಿದ ತೆಲುಗಿನದನ್ನು ಕೆ.ವಿ. ರೆಡ್ಡಿಯವರೇ ನಿರ್ದೇಶಿಸಿದರು. ಕನ್ನಡದ್ದಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ತೆರೆಗೆ ತಂದರು. ಅಂದರೆ ನಮ್ಮ ಮೂರರಲ್ಲಿ ಎರಡು ಒಂದೇ ಚಿತ್ರದ ಎರಡು ರೂಪ. ಮೂರನೆಯದು ಬೇರೆಯೇ. ಖಾತೆ ಪುಸ್ತಕದಲ್ಲಿ ಇಬ್ಬರು ಹನುಮಂತಪ್ಪ ಇದ್ದರೆ ವ್ಯಾಪಾರಸ್ಥರು ತಂದೆ ಹೆಸರು, ಊರು ಬರೆದು ಬೇರೆ ಮಾಡ್ತಾರೆಯೇ ಹೊರತು ಒಬ್ಬನ ಲೆಕ್ಕ ಹೊಡೆದು ಹಾಕುವುದಿಲ್ಲ.

ಆಮೇಲೆ ಅಪ್ಪ ಮಗ ಕೂತು ಮೂರು ಕಟ್ಟಳೆ ಮಾಡಿಕೊಂಡೆವು.

ಒಂದು: ಅದೇ ಚಿತ್ರ, ಅದೇ ರೂಪ, ಒಂದು ಕಾಪಿ ಚೊಕ್ಕ, ಇನ್ನೊಂದು ಮಸುಕು. ಇದು ನಿಜವಾದ ಡೂಪ್ಲಿಕೇಟ್. ಚೊಕ್ಕದ್ದರ ಮೊದಲು, ನಡು, ಕೊನೆ ಮೂರೂ ಓಡಿಸಿ ನೋಡಿ, ಆಮೇಲೆ ಮಸುಕಿನದನ್ನು ಅಳಿಸಬಹುದು.

ಎರಡು: ಚಿತ್ರ ಒಂದೇ, ರೂಪ ಎರಡು. ಎರಡನ್ನೂ ಉಳಿಸಬೇಕು. ತೆಲುಗು ‘ಮಾಯಾಬಜಾರ್’ (1957) ಮೂಲದಲ್ಲಿ 184 ನಿಮಿಷ. 2010ರಲ್ಲಿ ಬಣ್ಣದಲ್ಲಿ ಬಂದದ್ದು ಅದಕ್ಕಿಂತ ಚಿಕ್ಕದು. ಬಣ್ಣದ್ದೇ ಸಾಕು ಅಂತ ಕಪ್ಪುಬಿಳುಪು ಅಳಿಸಿದರೆ ಅಷ್ಟು ಚಿತ್ರವೇ ಹೋದಂತೆ. ಇಂಥವನ್ನು ಒಂದೇ ಫೋಲ್ಡರಿನಲ್ಲಿಡಿ. ಫೋಲ್ಡರಿಗೆ ‘ಮಾಯಾಬಜಾರ್ (1957)’ ಎಂದು ಹೆಸರಿದ್ದರೆ ಎರಡು ಫೈಲಿಗೂ ಅದೇ ಹೆಸರು ಅಕ್ಷರ ತಪ್ಪದಂತೆ ಕೊಟ್ಟು, ಜಾಗ ಬಿಟ್ಟು ಅಡ್ಡಗೆರೆ ಎಳೆದು, ಮತ್ತೆ ಜಾಗ ಬಿಟ್ಟು ‘ಬಣ್ಣ’, ‘ಕಪ್ಪುಬಿಳುಪು’ ಅಂತ ಸೇರಿಸಬೇಕು. ಆಗ ಪಟ್ಟಿಯಲ್ಲಿ ಚಿತ್ರ ಒಂದೇ ಸಲ ಕಾಣುತ್ತದೆ. ಒಳಗೆ ಹೋಗಿ ಬೇಕಾದ ರೂಪ ಆರಿಸಿಕೊಳ್ಳಬಹುದು.

ಮೂರು: ಕಥೆ ಒಂದೇ, ಚಿತ್ರ ಬೇರೆ. ಇವನ್ನು ಎಂದೂ ಕೂಡಿಸಬಾರದು. 1954ರ ‘ಬೇಡರ ಕಣ್ಣಪ್ಪ’, ಅದೇ ವರ್ಷದ ತೆಲುಗು ‘ಕಾಳಹಸ್ತಿ ಮಹಾತ್ಮ್ಯಂ’ ಎರಡರಲ್ಲೂ ರಾಜ್‌ಕುಮಾರರೇ ಕಣ್ಣಪ್ಪ, ನಿರ್ದೇಶಕ ಎಚ್.ಎಲ್.ಎನ್. ಸಿಂಹರೇ. ಆದರೂ ಚಿತ್ರ ಎರಡು. ನಾವು ಕನ್ನಡಕ್ಕೊಂದು, ತೆಲುಗಿಗೊಂದು ಭಂಡಾರ ಬೇರೆಯಾಗಿ ಮಾಡಿಕೊಂಡಿದ್ದೇವೆ. ಈಗ ಹರಿಶ್ಚಂದ್ರರಿಬ್ಬರೂ ಬೆರೆಯುವುದಿಲ್ಲ.

ಇನ್ನು ಜಾಗದ ಮಾತು. ಒಂದು ವಿ.ಸಿ.ಡಿ. ತಟ್ಟೆಯಲ್ಲಿ ಹಿಡಿಯುವುದು ಸುಮಾರು 700 ಎಂ.ಬಿ. ಮೂರು ತಟ್ಟೆಯ ಚಿತ್ರಕ್ಕೆ ಎರಡು ಜಿ.ಬಿ. ಚಿಲ್ಲರೆ. ಎರಡು ಟೆರಾಬೈಟ್ ಡಿಸ್ಕಿನಲ್ಲಿ ಅಂಥವು ಒಂಬೈನೂರರಷ್ಟು ಕೂರುತ್ತವೆ. ನಮ್ಮ ಟ್ರಂಕಿನಲ್ಲಿ ಇದ್ದವು ಇನ್ನೂರೂ ಇಲ್ಲ. ಜಾಗ ಬೇಕಾದಷ್ಟಿತ್ತು. ಇರಲಿಲ್ಲದ್ದು ನಮ್ಮ ಗಮನ.

ಆ ಕೊನೇ ತಟ್ಟೆ ಇನ್ನೂ ಹುಡುಕುತ್ತಿದ್ದೇವೆ. ನಿಮ್ಮ ಮನೆ ಟ್ರಂಕಿನಲ್ಲೂ ಇಂಥ ತಟ್ಟೆಗಳಿದ್ದರೆ ಗೀರು ಬೀಳುವ ಮುಂಚೆ ಇಳಿಸಿಕೊಳ್ಳಿ. ಪಟ್ಟಿ ಚೊಕ್ಕ ಮಾಡುವುದು ಆಮೇಲಾಯಿತು. ಅಳಿಸುವ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ.