ಎಂಟು ಎಪಿಸೋಡ್ ನೋಡಿದ ಮೇಲೆ ಕಥೆ ನಿಂತೇಹೋದ್ರೆ?

ಯಾವುದೇ ಸೀರೀಸ್ ಶುರು ಮಾಡೋ ಮುಂಚೆ ನಾನೀಗ ಹುಡುಕಿ ನೋಡೋದು ಒಂದೇ: ಇದು ಮುಗಿದಿದೆಯಾ, ಅರ್ಧಕ್ಕೇ ನಿಂತಿದೆಯಾ? ಈ ಅಭ್ಯಾಸ ಹತ್ತಿಸಿದ್ದು '1899'.

(ನೋಡೋ ಆಸೆ ಇದ್ದವರು ಈ ಪ್ಯಾರಾ ಹಾರಿಸಿಬಿಡಿ.) 'ಡಾರ್ಕ್' ಮಾಡಿದ ಜರ್ಮನಿಯ ಜೋಡಿಯದೇ ಕಥೆ. ನ್ಯೂಯಾರ್ಕ್‌ಗೆ ಹೊರಟ ಹಡಗು. ಜರ್ಮನ್, ಡ್ಯಾನಿಶ್, ಪೋಲಿಶ್, ಕ್ಯಾಂಟನೀಸ್ ಅಂತ ಪ್ರಯಾಣಿಕರದು ನಾನಾ ಭಾಷೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲ್ಲ. ನಾಲ್ಕು ತಿಂಗಳ ಹಿಂದೆ ಕಾಣೆಯಾದ ಇನ್ನೊಂದು ಹಡಗು ನಡುಸಮುದ್ರದಲ್ಲಿ ಸಿಗುತ್ತೆ. ಎಂಟನೇ ಎಪಿಸೋಡಿನ ಕೊನೆಗೆ ನಾಯಕಿ ಮೌರಾ ಕಣ್ಣು ಬಿಟ್ಟರೆ ಸಮುದ್ರವೇ ಇಲ್ಲ. ಅದು ಬಾಹ್ಯಾಕಾಶ ನೌಕೆ, ಇಸವಿ 2099!

ಅಷ್ಟೇ. 2022ರ ನವೆಂಬರ್ 17ಕ್ಕೆ ಬಂದದ್ದು 2023ರ ಜನವರಿ ಶುರುವಿನಲ್ಲೇ ರದ್ದು. ನೆಟ್‌ಫ್ಲಿಕ್ಸ್ ಮುಂದುವರಿಸುತ್ತಿಲ್ಲ ಅಂತ ನಿರ್ದೇಶಕ ಬಾರನ್ ಬೊ ಒಡಾರ್ ಇನ್‌ಸ್ಟಾಗ್ರಾಂನಲ್ಲಿ ತಿಳಿಸಿದರು. 'ಡಾರ್ಕ್' ಥರ ಮೂರು ಸೀಸನ್‌ಗೆ ಯೋಚಿಸಿದ್ದ ಕಥೆ.

ಹಳೇ ಟಿವಿಯಲ್ಲೂ ಇದಿತ್ತು ಬಿಡಿ. ಅಮೆರಿಕದ 'ಆಲ್ಫ್' 1990ರಲ್ಲಿ, ಅನ್ಯಗ್ರಹದ ಆ ತುಪ್ಪಳದ ಜೀವಿಯನ್ನು ಮಿಲಿಟರಿಯವರು ಸುತ್ತುವರಿಯುವಲ್ಲಿಗೆ ನಿಂತಿತ್ತು. ಉತ್ತರ ಕೊಡೋ ಟಿವಿ ಸಿನಿಮಾ ಬಂದದ್ದು 1996ಕ್ಕೆ.

ಓಟಿಟಿಯಲ್ಲಿ ನನ್ನನ್ನು ಕಾಡೋದು ಬೇರೆ. ಖರ್ಚಿಗೆ ತಕ್ಕಷ್ಟು ಜನ ನೋಡಿದರಾ ಅನ್ನೋ ಲೆಕ್ಕ ಅಲ್ಲಿ ಬೇಗ ಆಗಿಹೋಗುತ್ತೆ. 'ಪೂರ್ತಿ ಬರಲಿ, ಆಮೇಲೆ ನೋಡೋಣ' ಅಂತ ಕಾಯುವ ನಮ್ಮಂಥವರು ಆ ಲೆಕ್ಕಕ್ಕೇ ಸಿಗಲ್ಲ. ನಾವು ಕಾದಷ್ಟೂ ಅದು ಪೂರ್ತಿಯಾಗೋ ಸಾಧ್ಯತೆ ಕಡಿಮೆ. ಹಾಗಂತ ನಿದ್ದೆಗೆಟ್ಟು ನೋಡಿ ಮತ್ತೆ ನಡುನೀರಲ್ಲಿ ನಿಲ್ಲೋಕೆ ನನಗಂತೂ ಮನಸ್ಸಿಲ್ಲ. ಈ ವಾರಾಂತ್ಯಕ್ಕೆ 'ಚೆರ್ನೋಬಿಲ್' ಇಟ್ಟುಕೊಂಡಿದ್ದೀನಿ. ಐದೇ ಎಪಿಸೋಡು.